ಅಡುಗೆಮನೆಯಿಂದ ಒಂದು ಮಾತು: ಫ್ರಿಜ್ಜಿನ ಕೆಳಗಿನ ನೀರು

ಪ್ರೀತಿಯ ಮಕ್ಕಳೇ,

ಕಳೆದ ಸಂಚಿಕೆಯಲ್ಲಿ ಹುಳಿಪುಡಿಯ ಬಗ್ಗೆ ಬರೆದ ಮೇಲೆ ನಿಮ್ಮಲ್ಲಿ ಕೆಲವರು, "ಆಂಟಿ, ಬರೀ ಅಡುಗೆ ಸಾಕು, ಮನೆ ನಡೆಸೋ ವಿಷಯವೂ ಬರೀರಿ" ಎಂದಿರಿ. ಹಾಸ್ಟೆಲ್ ಬಿಟ್ಟು ಬಾಡಿಗೆ ಮನೆ ಹಿಡಿದವರು, ಹೊಸದಾಗಿ ಸಂಸಾರ ಹೂಡಿದವರು ನಿಮ್ಮಲ್ಲಿ ಅನೇಕರಿದ್ದೀರಿ. ಆದ್ದರಿಂದ ಈ ಸಲ ಫ್ರಿಜ್ಜಿನ ಕತೆ. ನಗಬೇಡಿ! ಈ ಕತೆಯಲ್ಲಿ ನಮ್ಮ ಮನೆಯ ಹಿರಿಯರೊಬ್ಬರ ಮಣಿಕಟ್ಟು ಮುರಿದಿದೆ.

ನಾವಿರುವುದು ಶಿರೂರಿನಲ್ಲಿ. ಊರಿಗೆ ಫೋನ್ ಮಾಡಿದಾಗಲೆಲ್ಲ "ಯಾವ ಶಿರೂರು, ಬೈಂದೂರಿನ ಹತ್ತಿರದ್ದಾ?" ಎಂದು ಕೇಳುತ್ತಾರೆ. ಅಲ್ಲಪ್ಪಾ, ಇದು ಪುಣೆಯಿಂದ ಅಹಿಲ್ಯಾನಗರಕ್ಕೆ, ಅಂದರೆ ಹಿಂದಿನ ಅಹಮದ್‌ನಗರಕ್ಕೆ ಹೋಗುವ ದಾರಿಯಲ್ಲಿ ಘೋಡ್ ನದಿಯ ದಡದಲ್ಲಿರುವ ಶಿರೂರು. ನಮ್ಮ ತಾಲೂಕಿನ ರಾಂಜಣಗಾಂವ್ ಅಷ್ಟವಿನಾಯಕ ಕ್ಷೇತ್ರಗಳಲ್ಲಿ ಒಂದು ಎಂದು ನಿಮಗೆ ಗೊತ್ತು. ಅಲ್ಲಿಯ ಕೈಗಾರಿಕಾ ಪ್ರದೇಶದಲ್ಲಿ ವರ್ಲ್‌ಪೂಲ್, ಎಲ್‌ಜಿ, ಹೈಯರ್ ಮೂರೂ ಕಂಪೆನಿಗಳ ಫ್ರಿಜ್ ಕಾರ್ಖಾನೆಗಳಿವೆ. ಫ್ರಿಜ್ಜಿನ ತವರೂರಿನಲ್ಲೇ ಇದ್ದುಕೊಂಡು ಫ್ರಿಜ್ಜಿನ ಬಗ್ಗೆ ಏನೂ ತಿಳಿಯದೆ ಕೂತಿದ್ದೆ ನೋಡಿ. (ನಮ್ಮದು ಯಾವ ಕಂಪೆನಿಯದು ಎಂದು ಹೇಳುವುದಿಲ್ಲ. ಈ ತೊಂದರೆ ಯಾವ ಕಂಪೆನಿಯ ಫ್ರಿಜ್ಜಿಗೂ ಬರಬಹುದು.)

ಕಳೆದ ಮಳೆಗಾಲದಲ್ಲಿ ನಮ್ಮ ಎರಡು ಬಾಗಿಲಿನ ಫ್ರಿಜ್ಜಿನ ತರಕಾರಿ ಡಬ್ಬಿಯ ಕೆಳಗೆ ನೀರು ನಿಲ್ಲತೊಡಗಿತು. ಒರೆಸಿದೆ. ವಾರ ಕಳೆಯುವಷ್ಟರಲ್ಲಿ ನೆಲದ ಮೇಲೂ ಬಂತು. ಹಳೆಯ ಟವೆಲೊಂದನ್ನು ಮಡಿಸಿ ಬಾಗಿಲ ಕೆಳಗೆ ಇಟ್ಟೆ. ಎಂಬತ್ತು ದಾಟಿದ ನಮ್ಮ ಅತ್ತೆ ಮೊದಲ ದಿನವೇ, "ನೀರು ತಾನಾಗಿ ಬರೋದಿಲ್ಲ ಕಣೇ, ಎಲ್ಲಿಂದ ಬರ್ತಿದೆ ನೋಡು" ಎಂದಿದ್ದರು. "ಮಳೆಗಾಲ ಅಲ್ವಾ ಅತ್ತೆ, ಥಂಡಿ" ಎಂದು ಬಾಯಿಗೆ ಬಂದದ್ದು ಹೇಳಿ ಸುಮ್ಮನಾಗಿಸಿದೆ. ಫೋನಿನಲ್ಲಿ ವಿಚಾರಿಸಿದಾಗ ಮೆಕ್ಯಾನಿಕ್ ಒಬ್ಬರು, "ಹಳೇದಾಯ್ತು, ಎಕ್ಸ್‌ಚೇಂಜ್‌ನಲ್ಲಿ ಕೊಟ್ಟುಬಿಡಿ" ಎಂದರು. ದೀಪಾವಳಿಗೆ ನೋಡೋಣ ಎಂದುಕೊಂಡೆವು. ಹನಿ ಹನಿ ಕೂಡಿದರೆ ಹಳ್ಳ ಎಂಬ ಗಾದೆ ಉಳಿತಾಯಕ್ಕೆ ಮಾತ್ರವಲ್ಲ, ಉದಾಸೀನಕ್ಕೂ ಸಲ್ಲುತ್ತದೆ. ಒಂದು ಬೆಳಗಿನ ಜಾವ ಅತ್ತೆ ಹಾಲು ತೆಗೆಯಲು ಹೋಗಿ ಜಾರಿ ಬಿದ್ದರು. ಆರು ವಾರ ಪ್ಲಾಸ್ಟರ್.

ಆಸ್ಪತ್ರೆಯಿಂದ ಬಂದ ಸಂಜೆ ಮೇಲಿನ ಮನೆಯ ಹುಡುಗ ಅತ್ತೆಯನ್ನು ನೋಡಲು ಬಂದ. ವಿಜಯಪುರದ ಕಡೆಯವನು, ಡಿಪ್ಲೊಮಾ ಮಾಡಿ ಇಲ್ಲಿ ಪಾಳಿ ಕೆಲಸದಲ್ಲಿದ್ದಾನೆ. ಮೇಲಿನ ಫ್ರೀಜರ್ ಬಾಗಿಲು ತೆರೆದು ನೋಡಿ, "ಕಾಕೂ, ಮಷೀನ್ ಕೆಟ್ಟಿಲ್ರೀ. ನೀರ ಹೋಗೂ ದಾರಿ ಮುಚ್ಚೇತಿ" ಎಂದ. ಒಂದೇ ವಾಕ್ಯ! ಫ್ರಿಜ್ಜಿನ ಜೊತೆ ಬಂದ ಇಂಗ್ಲಿಷ್ ಪುಸ್ತಕದಲ್ಲೂ ಅದೇ ಇತ್ತಂತೆ. ಇಂಗ್ಲಿಷ್ ಸಾಹಿತ್ಯದಲ್ಲಿ ಬಿ.ಎ. ಮಾಡಿದ ನಾನು ಅದನ್ನು ಒಮ್ಮೆಯೂ ತೆರೆದಿರಲಿಲ್ಲ.

ಈಗ ವಿಷಯಕ್ಕೆ ಬರೋಣ. ನಾವು ಬಾಗಿಲು ತೆರೆದಾಗಲೆಲ್ಲ ಹೊರಗಿನ ತೇವದ ಗಾಳಿ ಒಳಗೆ ಹೋಗುತ್ತದೆ. ಫ್ರೀಜರಿನ ಹಿಂಬದಿಯ ತಣ್ಣನೆಯ ಕೊಳವೆಗಳ ಮೇಲೆ ಆ ತೇವ ಹಿಮವಾಗಿ ಕೂರುತ್ತದೆ. ಮಳೆಗಾಲದಲ್ಲಿ ಗಾಳಿಯಲ್ಲಿ ತೇವ ಹೆಚ್ಚು, ಹಿಮವೂ ಹೆಚ್ಚು. ಹಳೆಯ ಒಂದು ಬಾಗಿಲಿನ ಫ್ರಿಜ್ಜಿನಲ್ಲಿ ಅದನ್ನು ಕರಗಿಸಲು ನಾವೇ ಗುಂಡಿ ಒತ್ತುತ್ತಿದ್ದೆವು. 'ಫ್ರಾಸ್ಟ್ ಫ್ರೀ' ಫ್ರಿಜ್ಜಿನಲ್ಲಿ ಒಂದು ಸಣ್ಣ ಹೀಟರ್ ಆಗಾಗ ತಾನೇ ಹೊತ್ತಿಕೊಂಡು ಹಿಮ ಕರಗಿಸುತ್ತದೆ. ಆ ನೀರು ಒಂದು ಸಣ್ಣ ತೂತಿನಿಂದ ಕೊಳವೆಗೆ ಇಳಿದು, ಹಿಂದುಗಡೆ ಕಂಪ್ರೆಸರಿನ ಬಳಿಯ ತಟ್ಟೆ ಸೇರಿ, ಅದರ ಬಿಸಿಗೆ ಆವಿಯಾಗುತ್ತದೆ. ದಿನವೂ ನಡೆಯುವ ಕೆಲಸ, ಆದರೆ ಒಂದು ಹನಿಯೂ ನಮ್ಮ ಕಣ್ಣಿಗೆ ಬೀಳುವುದಿಲ್ಲ. ಆ ತೂತು ಮುಚ್ಚಿತೋ, ನೀರು ಅಲ್ಲೇ ಹೆಪ್ಪುಗಟ್ಟಿ, ಉಳಿದದ್ದು ಕೆಳಗಿನ ಅಂಕಣಕ್ಕೆ ಇಳಿಯುತ್ತದೆ. ಫ್ರೀಜರಿನ ತಳದಲ್ಲಿ ಗಾಜಿನಂಥ ಐಸಿನ ಹಾಳೆ, ಕೆಳಗೆ ತರಕಾರಿ ಡಬ್ಬಿಯಡಿ ನೀರು, ಇವೆರಡೂ ಒಟ್ಟಿಗೆ ಕಂಡರೆ ಬಹುತೇಕ ಇದೇ ಕಾರಣ.

ಮಾಡಬೇಕಾದದ್ದು ಇಷ್ಟು. ಮೊದಲು ಪ್ಲಗ್ ಕಿತ್ತುಬಿಡಿ. ಬರೀ ಸ್ವಿಚ್ ಆರಿಸಿದರೆ ಸಾಲದು. ಹಾಲು, ತರಕಾರಿ ಎಲ್ಲವನ್ನೂ ನೆರೆಮನೆಯ ಫ್ರಿಜ್ಜಿನಲ್ಲಿಡಿ. ಮನೆಯಲ್ಲಿ ಇನ್ಸುಲಿನ್ ಇದ್ದರೆ ಅದಕ್ಕೇ ಮೊದಲ ಜಾಗ, ಆದರೆ ಫ್ರೀಜರಿನಲ್ಲಿ ಖಂಡಿತ ಬೇಡ. ಎರಡೂ ಬಾಗಿಲು ತೆರೆದು, ಕೆಳಗೆ ಹಳೆ ಬಟ್ಟೆ ಹಾಸಿ, ಏಳೆಂಟು ಗಂಟೆ ಬಿಡಿ. ಐಸು ತಾನೇ ಕರಗಲಿ. ಆಮೇಲೆ ತೂತಿನೊಳಗೆ, ಸೂಜಿಯಿಲ್ಲದ ದೊಡ್ಡ ಸಿರಿಂಜಿನಿಂದ ಉಗುರುಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪವಾಗಿ ಬಿಡಿ. ಒಂದು ಲೋಟ ನೀರಿಗೆ ಒಂದು ಚಮಚ ಅಡುಗೆ ಸೋಡ ಹಾಕಿದರೆ ವಾಸನೆಯೂ ಹೋಗುತ್ತದೆ. ಹಿಂದಿನ ತಟ್ಟೆಗೆ ನೀರು ಬಿದ್ದ ಸದ್ದು ಕೇಳಿದರೆ ದಾರಿ ತೆರೆಯಿತೆಂದು ಅರ್ಥ. ತಟ್ಟೆಯನ್ನೂ ತೊಳೆಯಿರಿ, ಬಿರುಕು ಬಿಟ್ಟಿದೆಯೇ ನೋಡಿ. ಎಲ್ಲ ಒಣಗಿದ ಮೇಲೆಯೇ ಪ್ಲಗ್ ಹಾಕಿ.

ಕೆಲವು ಫ್ರಿಜ್ಜುಗಳಲ್ಲಿ ಈ ತೂತು ಫ್ರೀಜರಿನ ಹಿಂಬದಿಯ ಹಲಗೆಯ ಮರೆಯಲ್ಲಿರುತ್ತದೆ. ನಮ್ಮದೂ ಹಾಗೇ. ಹುಡುಗನೇ ಸ್ಕ್ರೂ ಬಿಚ್ಚಿಕೊಟ್ಟ. ಅಭ್ಯಾಸವಿಲ್ಲದಿದ್ದರೆ ಅದನ್ನು ತಿಳಿದವರಿಗೆ ಬಿಡಿ. ಆದರೆ "ನೀರು ಹೋಗುವ ತೂತು ನೋಡಿ" ಎಂದು ನೀವೇ ಹೇಳಿ. ನಮ್ಮ ತೂತಿನಿಂದ ಹೊರಬಂದದ್ದು ಏನು ಗೊತ್ತೇ? ಬಟಾಣಿ ಸಿಪ್ಪೆಯ ಚೂರು ಮತ್ತು ನಾನೇ ಡಬ್ಬಿಗೆ ಹಾಕಿ ಫ್ರೀಜರಿನಲ್ಲಿಟ್ಟ ತೆಂಗಿನತುರಿ! ಒಟ್ಟು ಖರ್ಚು ಒಂದು ಸಿರಿಂಜಿನದು.

ಒಂದು ಎಚ್ಚರಿಕೆ. ಐಸನ್ನು ಚಾಕುವಿನಿಂದ, ಚಮಚದಿಂದ ಕೆತ್ತಬೇಡಿ. ಓಝೋನ್ ಪದರ ಉಳಿಸಲು 1987ರ ಮಾಂಟ್ರಿಯಲ್ ಒಪ್ಪಂದವಾದ ಮೇಲೆ ಹಳೆಯ ಸಿ.ಎಫ್.ಸಿ. ಅನಿಲಗಳು ಹೋದವು. ಈಗಿನ ಅನೇಕ ಮನೆ ಫ್ರಿಜ್ಜುಗಳಲ್ಲಿ ಇರುವುದು ಐಸೊಬ್ಯೂಟೇನ್, ಬೆಂಕಿ ಹೊತ್ತಿಕೊಳ್ಳುವ ಅನಿಲ. ಕೊಳವೆ ತೂತಾದರೆ ಫ್ರಿಜ್ಜೂ ಹೋಯಿತು, ಅಪಾಯವೂ ಬಂತು. ಹೇರ್ ಡ್ರೈಯರ್ ಕೂಡ ಬೇಡ, ನೀರು ಮತ್ತು ಕರೆಂಟು ಒಟ್ಟಿಗೆ ಒಳ್ಳೆಯದಲ್ಲ.

ಬಾಗಿಲಿನ ರಬ್ಬರು ಸಡಿಲವಾಗಿದ್ದರೂ ತೇವ ಒಳಗೆ ನುಗ್ಗುತ್ತದೆ. ಒಂದು ಹತ್ತು ರೂಪಾಯಿ ನೋಟನ್ನು ಸಿಕ್ಕಿಸಿ ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ಅಲ್ಲಿ ಸಂದಿಯಿದೆ. ಬಿಸಿ ಸಾರು ಒಳಗಿಡಬೇಡಿ. ದಾರಿ ಶುಚಿ ಮಾಡಿದ ಕೆಲವೇ ದಿನಗಳಲ್ಲಿ ಐಸು ಮತ್ತೆ ಕಟ್ಟಿದರೆ ಹೀಟರ್ ಕೆಟ್ಟಿರಬಹುದು. ಆಗ ಮೆಕ್ಯಾನಿಕ್ ಬರಲೇಬೇಕು.

ಅತ್ತೆಯ ಪ್ಲಾಸ್ಟರ್ ತೆಗೆದಾಯಿತು. ಆದರೆ ಆ ಕೈಯಲ್ಲಿ ಚಪಾತಿ ಲಟ್ಟಿಸಲು ಇನ್ನೂ ಆಗುವುದಿಲ್ಲ. ಅವರು ನನ್ನನ್ನು ಒಂದು ಮಾತೂ ಅನ್ನಲಿಲ್ಲ, ಅದೇ ನನಗೆ ಹೆಚ್ಚು ನೋವು. ಮೂರು ವಾರ ನಾನು ನೀರು ಒರೆಸಿದೆ. ಅವರು ಕೇಳಿದ ಪ್ರಶ್ನೆಗೆ ಉತ್ತರ ಹುಡುಕಿದ್ದರೆ ಒಂದೇ ದಿನ ಸಾಕಿತ್ತು.

ನೀವು ಓದಿದವರು, ನಮಗಿಂತ ಚುರುಕಿನವರು. ಮನೆಯಲ್ಲಿ ನೀರು ಕಂಡರೆ ಒರೆಸಿ, ಬೇಡವೆನ್ನುವುದಿಲ್ಲ. ಆದರೆ ಬಟ್ಟೆ ಹಿಂಡಿ ಒಣಗಲು ಹಾಕಿದ ಮೇಲೆ, ಎಲ್ಲಿಂದ ಬಂತೆಂದು ಬಗ್ಗಿ ನೋಡಿ. ಮನೆಯ ಹಿರಿಯರು ಏನಾದರೂ ಕೇಳಿದರೆ "ಏನಿಲ್ಲ ಅಜ್ಜಿ" ಎನ್ನುವ ಮುಂಚೆಯೂ ಒಮ್ಮೆ ನೋಡಿ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ಈ ಭಾನುವಾರ ಫ್ರಿಜ್ಜಿನ ಹಿಂದಿನ ತಟ್ಟೆ ತೊಳೆದವರು ನನಗೆ ತಪ್ಪದೆ ತಿಳಿಸಿ!

ನಿಮ್ಮ
ಶಿರೂರಿನ ಆಂಟಿ