ಎಪ್ಪತ್ತೈದು ವಾಟ್‌ನ ದಶಕ

2025ರ ಅಕ್ಟೋಬರ್‌ನಲ್ಲಿ ಎನ್‌ವಿಡಿಯಾ ಕಂಪನಿ ತನ್ನ ಮ್ಯಾಕ್ಸ್‌ವೆಲ್ ಮತ್ತು ಪ್ಯಾಸ್ಕಲ್ ಪೀಳಿಗೆಯ ಗ್ರಾಫಿಕ್ಸ್ ಕಾರ್ಡುಗಳಿಗೆ ಹೊಸ ಆಟಗಳ ಡ್ರೈವರ್ ಕೊಡುವುದನ್ನು ನಿಲ್ಲಿಸಿತು. ಇನ್ನು 2028ರ ಅಕ್ಟೋಬರ್‌ವರೆಗೆ ಮೂರು ತಿಂಗಳಿಗೊಮ್ಮೆ ಸುರಕ್ಷತೆಯ ತೇಪೆ ಮಾತ್ರ. ಬೆಂಗಳೂರಿನಲ್ಲಿ ಇದಕ್ಕೆ ಯಾರೂ ತಲೆ ಕೆಡಿಸಿಕೊಂಡಿರಲಿಕ್ಕಿಲ್ಲ. ಯಾದಗಿರಿ, ಶಹಾಪುರ, ಸುರಪುರದ ಹುಡುಗರಿಗೆ ಮಾತ್ರ ಇದು ಮನೆಯ ಸುದ್ದಿ. ಜಿಟಿಎಕ್ಸ್ 750 ಟಿಐ, 1050 ಟಿಐ ಈ ಪೀಳಿಗೆಯವೇ. ಈಗ ಇವು ನಿವೃತ್ತವಾದವು. ಕಡಿಮೆ ರೊಕ್ಕದಲ್ಲಿ ಆಟ ಆಡಿಸಿದ ಕಾರ್ಡುಗಳ ಲೆಕ್ಕ ತೆಗೆಯಲು ಇದಕ್ಕಿಂತ ಒಳ್ಳೆಯ ಹೊತ್ತು ಸಿಗದು.

ಇಲ್ಲಿ ಗೇಮಿಂಗ್ ಎಂದರೆ ಮೊದಲಿಗೆ ಮೊಬೈಲ್. ಪಿಸಿ ಆಟ ಸಣ್ಣ ಗುಂಪಿನ ಹುಚ್ಚು. ಆ ಪಿಸಿಯೂ ಬಹುಪಾಲು ಆಟಕ್ಕೆಂದು ಕೊಂಡದ್ದಲ್ಲ. ಬ್ಯಾಂಕು, ಐಟಿ ಕಂಪನಿಗಳು ವಿಲೇವಾರಿ ಮಾಡಿದ ನಾಲ್ಕನೇ ಪೀಳಿಗೆಯ ಐ5 ಡಬ್ಬಿ ಹೈದರಾಬಾದ್‌ನಿಂದಲೋ ಬೆಂಗಳೂರಿನ ಎಸ್‌ಪಿ ರೋಡಿನಿಂದಲೋ ಬಂದಿರುತ್ತದೆ. ಇಲ್ಲವೇ ಅದು ಮದುವೆ ವಿಡಿಯೊ ಎಡಿಟ್ ಮಾಡುವ ಸ್ಟುಡಿಯೊದ ಸಿಸ್ಟಮ್. ಹಗಲು ಸೀರೆ ಉಟ್ಟವರ ಆಲ್ಬಮ್, ರಾತ್ರಿ ಕೌಂಟರ್ ಸ್ಟ್ರೈಕ್. ಇಂಥ ಡಬ್ಬಿಯೊಳಗಿನ ಎಸ್‌ಎಂಪಿಎಸ್ 240 ಅಥವಾ 290 ವಾಟ್‌ನದು. ಕಾರ್ಡಿಗೆ ಬೇರೆ ವೈರ್ ಕೊಡುವ ಪಿನ್ ಅದರಲ್ಲಿರುವುದಿಲ್ಲ. ಬದಲಿಸೋಣವೆಂದರೆ ಡೆಲ್, ಎಚ್‌ಪಿಯ ಎಷ್ಟೋ ಬೋರ್ಡುಗಳ ಕನೆಕ್ಟರೇ ಬೇರೆ. ಅಂಗಡಿಯ ಸಾಮಾನ್ಯ ಎಸ್‌ಎಂಪಿಎಸ್ ಕೂರುವುದಿಲ್ಲ. ಉಳಿಯುವುದು ಬೋರ್ಡಿನ ಸ್ಲಾಟ್ ತಾನೇ ಕೊಡುವ ಕರೆಂಟು. ಅದರ ಮಿತಿ 75 ವಾಟ್.

ಕಳೆದ ಹತ್ತು ಹನ್ನೆರಡು ವರ್ಷ ನಮ್ಮ ಮೂರು ಊರುಗಳ ಗೇಮಿಂಗ್ ನಡೆದದ್ದು ಈ 75 ವಾಟ್‌ನೊಳಗೇ. 2014ರ ಫೆಬ್ರುವರಿಯಲ್ಲಿ ಬಂದ 750 ಟಿಐ ತಿನ್ನುತ್ತಿದ್ದದ್ದು 60 ವಾಟ್. 2015ರಲ್ಲಿ ಜಿಟಿಎ 5 ಪಿಸಿಗೆ ಬಂದಾಗ ‘ಇದ್ರಾಗ ಜಿಟಿಎ ನಡೀತದೇನ್ರಿ?’ ಎಂಬ ಪ್ರಶ್ನೆಗೆ ಧೈರ್ಯವಾಗಿ ಹೂಂ ಎನ್ನಬಹುದಾಗಿದ್ದ ಅಗ್ಗದ ಕಾರ್ಡು ಅದು. 2016ರ ಅಕ್ಟೋಬರ್‌ನಲ್ಲಿ ಬಂದ 1050 ಟಿಐಗೆ 4 ಜಿಬಿ ಮೆಮೊರಿ, 75 ವಾಟ್. ಡಬ್ಬಿ ತೆಗೆದು, ಸ್ಲಾಟಿಗೆ ಒತ್ತಿ, ಮುಚ್ಚಿದರೆ ಮುಗಿಯಿತು.

2019ರ ಏಪ್ರಿಲ್‌ನಲ್ಲಿ ಜಿಟಿಎಕ್ಸ್ 1650 ಬಂದಾಗ ಲೋಕದ ವಿಮರ್ಶಕರೆಲ್ಲ ಅದನ್ನು ಬೈದರು. ಹೆಚ್ಚುಕಡಿಮೆ ಅದೇ ದುಡ್ಡಿಗೆ ಎಎಂಡಿಯ ಆರ್‌ಎಕ್ಸ್ 570 ಹೆಚ್ಚು ಎಫ್‌ಪಿಎಸ್ ಕೊಡುತ್ತಿತ್ತು. ಅವರ ಮೇಜಿನ ಮೇಲೆ ಅದು ಸರಿಯಾದ ತೀರ್ಪೇ. ಆದರೆ 570 ಎಳೆಯುವುದು 150 ವಾಟ್. ಅದನ್ನು ನಂಬಿದರೆ ಒಳ್ಳೆಯ ಎಸ್‌ಎಂಪಿಎಸ್‌ಗೆ ಮೂರು ಸಾವಿರದ ಆಸುಪಾಸು ಬೇಕಿತ್ತು. ಆಮೇಲೆ ಯುಪಿಎಸ್. ನಮ್ಮಲ್ಲಿ ಬಹಳ ಮನೆಗಳಲ್ಲಿರುವ 600 ವಿಎ ಯುಪಿಎಸ್ ಹೊರುವುದು 360 ವಾಟ್ ಆಸುಪಾಸು. ಮಾನಿಟರನ್ನೂ ಅದಕ್ಕೇ ಸೇರಿಸಿದ್ದಾಗ ಆಟದ ನಡುವೆ ಕರೆಂಟು ಹೋದರೆ ಕೀ ಎಂದು ಕಿರುಚಿ ಕೈಬಿಡುತ್ತದೆ. ಜೆಸ್ಕಾಂ ಗ್ರಾಹಕನಿಗೆ ಇದು ಪುಸ್ತಕದ ಮಾತಲ್ಲ. ಈ ಮೂರನ್ನೂ ಕೂಡಿಸಿದರೆ ಬೈಸಿಕೊಂಡ 1650ಯೇ ಅಗ್ಗ. ಯೂಟ್ಯೂಬ್ ನೋಡಿ 570 ತರಿಸಿದವರಿಗಿಂತ, ಅಂಗಡಿಯವನ ಮಾತು ಕೇಳಿ 1650 ಹಾಕಿಸಿಕೊಂಡವರೇ ಸುಖವಾಗಿದ್ದರು ಎಂಬುದು ನಮ್ಮ ತೀರ್ಪು.

ಬಿಸಿಲಿನ ಲೆಕ್ಕವನ್ನೂ ವಿಮರ್ಶಕರು ಹಾಕುವುದಿಲ್ಲ. ಎಸಿ ಕೋಣೆಯ 25 ಡಿಗ್ರಿಯಲ್ಲಿ ಕಾರ್ಡು 70 ತೋರಿಸಿದರೆ, ಮೇ ತಿಂಗಳಲ್ಲಿ ಕಲ್ಲುಚಪ್ಪಡಿ ಹಾಸಿದ ಸುರಪುರದ ಮಾಳಿಗೆಮನೆಯ 40ರಲ್ಲಿ ಅದೇ ಕಾರ್ಡು 85ರ ಹತ್ತಿರ ಹೋಗುತ್ತದೆ, ಫ್ಯಾನು ಕೂಗಾಡುತ್ತದೆ, ವೇಗ ತಾನಾಗಿ ಇಳಿಯುತ್ತದೆ. 75 ವಾಟ್‌ನ ಕಾರ್ಡು ಹೊರಹಾಕುವ ಬಿಸಿಯೇ ಕಡಿಮೆ. ಹತ್ತಿ ಸೀಸನ್ನಿನ ಧೂಳು ತುಂಬಿದ ಕ್ಯಾಬಿನೆಟ್ಟಿನಲ್ಲೂ ಅದು ಹೇಗೋ ಬದುಕುತ್ತದೆ.

ಮೋಸಗಳ ಪಟ್ಟಿಯೂ ಈ ದಶಕದ ಪಾಲೇ. ಎಲ್ಲಕ್ಕಿಂತ ಹಳೆಯದು ಜಿಟಿ 730. ಡಬ್ಬಿಯ ಮೇಲೆ ದೊಡ್ಡದಾಗಿ ‘4 ಜಿಬಿ’. ಒಳಗಿರುವುದು ನಿಧಾನದ ಡಿಡಿಆರ್3 ಮೆಮೊರಿ. ಜಿಬಿ ನೋಡಿ ಕಾರ್ಡು ಕೊಳ್ಳುವುದು ಚೀಲದ ಅಳತೆ ನೋಡಿ ತೊಗರಿ ಕೊಂಡಂತೆ. ಒಳಗಿನ ಮಾಲು ಬೇರೆ. 2018ರಲ್ಲಿ ಜಿಟಿ 1030ಕ್ಕೂ ಇದೇ ಗತಿಯಾಯಿತು. ಹೆಸರು ಅದೇ, ಒಳಗೆ ಡಿಡಿಆರ್4, ಮೆಮೊರಿಯ ವೇಗ ಹೆಚ್ಚುಕಡಿಮೆ ಮೂರನೇ ಒಂದು ಭಾಗಕ್ಕೆ ಕುಸಿತ. ಅದೇ ವರ್ಷ ‘ಆರ್‌ಎಕ್ಸ್ 580 2048ಎಸ್‌ಪಿ’ ಎಂಬುದು ಚೀನಾದಿಂದ ಹೊರಟಿತು. ಅಸಲಿ 580ಯಲ್ಲಿ 2304 ಕೋರ್‌ಗಳು. ಇದು ವಾಸ್ತವದಲ್ಲಿ 570. ಹಳೆಯ ಚಿಪ್ಪಿನ ಬಯಾಸ್ ತಿದ್ದಿ ‘1050 ಟಿಐ’ ಎಂದು ಮಾರಿದವರೂ ಇದ್ದರು. ಅಂಥದ್ದನ್ನು ಹಿಡಿಯಲೆಂದೇ ಜಿಪಿಯು-ಝಡ್ ಎಂಬ ಪುಕ್ಕಟೆ ತಂತ್ರಾಂಶ 2018ರಲ್ಲಿ ನಕಲಿ ಗುರುತಿಸುವ ಸೌಲಭ್ಯ ಸೇರಿಸಬೇಕಾಯಿತು.

ಕಂಪನಿಗಳೇ ಕೊಟ್ಟ ಪೆಟ್ಟೂ ಇದೆ. 2022ರ ಜನವರಿಯ ಆರ್‌ಎಕ್ಸ್ 6500 ಎಕ್ಸ್‌ಟಿ ಸ್ಲಾಟಿನ ಹದಿನಾರು ಲೇನ್‌ಗಳಲ್ಲಿ ಬಳಸುವುದು ನಾಲ್ಕನ್ನೇ. ಹೊಸ ಬೋರ್ಡಿನಲ್ಲಿ ನಡೆದೀತು, ನಮ್ಮ ಹಳೆಯ ಐ5 ಬೋರ್ಡಿನಲ್ಲಿ ಏದುಸಿರು ಬಿಡುತ್ತದೆ. ವಿಡಿಯೊ ಎನ್‌ಕೋಡರ್ ಕೂಡ ಇಲ್ಲದ್ದರಿಂದ ಸ್ಟುಡಿಯೊದವರಿಗೂ ಉಪಯೋಗವಿಲ್ಲ. ಇಂಟೆಲ್‌ನ ಆರ್ಕ್ ಬಿ580, 2024ರ ಡಿಸೆಂಬರ್‌ನಲ್ಲಿ 12 ಜಿಬಿ ಹೊತ್ತು 249 ಡಾಲರ್‌ಗೆ ಬಂದು ಎಲ್ಲೆಡೆ ಶಹಬ್ಬಾಸ್ ಗಿಟ್ಟಿಸಿತು. ಆದರೆ ಅದು ಬೇಡುವ ರೀಸೈಜಬಲ್ ಬಾರ್ ಎಂಬ ಸೌಲಭ್ಯ ಆ ಹಳೆಯ ಡಬ್ಬಿಗಳಲ್ಲಿಲ್ಲ. ಅಗ್ಗದ ಕಾರ್ಡು ಅಗ್ಗದ ಸಿಸ್ಟಮ್ಮಿಗೇ ಹೋಗುತ್ತದೆಂಬ ಸರಳ ಸಂಗತಿ ಅದನ್ನು ಮಾಡುವವರ ತಲೆಗೆ ಏಕೆ ಹೊಳೆಯುವುದಿಲ್ಲವೋ!

ಕ್ರಿಪ್ಟೊ ಕಾಲವನ್ನು ಬೇಗ ದಾಟೋಣ. 2020ರ ಕೊನೆಯಿಂದ 2022ರವರೆಗೆ ಕಾರ್ಡುಗಳು ಇಥೀರಿಯಂ ತೋಡುವವರ ಪಾಲಾದವು. 1650 ಇಪ್ಪತ್ತು ಸಾವಿರ ದಾಟಿತು, ಎನ್‌ವಿಡಿಯಾ 2021ರಲ್ಲಿ ಹಳೆಯ 1050 ಟಿಐಯನ್ನೇ ಮತ್ತೆ ಮಾರುಕಟ್ಟೆಗೆ ಬಿಟ್ಟಿತು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಕಾರ್ಡಿನಿಂದ ತೋಡುವ ಪದ್ಧತಿಯನ್ನೇ ಕೈಬಿಟ್ಟಾಗ ದುಡಿದು ದಣಿದ ಕಾರ್ಡುಗಳು ಸೆಕೆಂಡ್ ಹ್ಯಾಂಡ್ ಸಂತೆಗೆ ಬಿದ್ದವು. ಅವೆಲ್ಲ ಕೆಟ್ಟವೆಂಬುದು ಅತಿಯಾಯಿತು. ಹೆಚ್ಚಾಗಿ ಸವೆದಿರುವುದು ಫ್ಯಾನು ಮತ್ತು ಥರ್ಮಲ್ ಪೇಸ್ಟ್. ಕಷ್ಟವಿರುವುದು ದೂರದಲ್ಲಿ. ಅರ್ಧ ಗಂಟೆ ಕಣ್ಣೆದುರು ಓಡಿಸಿ ನೋಡಿ ಕೊಳ್ಳಬೇಕಾದ ವಸ್ತು ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನಲ್ಲಿರುತ್ತದೆ. ಯಾದಗಿರಿಯವರಿಗಾದರೂ ರೈಲಿದೆ, ಶಹಾಪುರ, ಸುರಪುರದವರಿಗೆ ಅದೂ ಇಲ್ಲ. ಬಸ್ಸಿನ ಪಾರ್ಸಲ್‌ನಲ್ಲಿ ಬಂದದ್ದು ಓಡದಿದ್ದರೆ ಕೇಳುವುದು ಯಾರನ್ನು?

ಹೊಸ ಕಾರ್ಡಿನ ಬೆಲೆ ಮಾತ್ರ ಮತ್ತೆ ಕೆಳಗಿಳಿಯಲಿಲ್ಲ. 2014ರಲ್ಲಿ 750 ಟಿಐಗೆ 149 ಡಾಲರ್. ಅಂದಿನ ಡಾಲರ್ ಅರವತ್ತೆರಡು ರೂಪಾಯಿ ಆಸುಪಾಸು, ಅಂದರೆ ತೆರಿಗೆಗೆ ಮುಂಚೆ ಸುಮಾರು 9,200. 2025ರಲ್ಲಿ ಅದೇ ಮೆಟ್ಟಿಲಿನ ಆರ್‌ಟಿಎಕ್ಸ್ 5050ಗೆ 249 ಡಾಲರ್. ಡಾಲರ್ ಎಂಬತ್ತಾರು. ತೆರಿಗೆಗೆ ಮುಂಚೆಯೇ 21,400. ಶೇ 18ರ ಜಿಎಸ್‌ಟಿ ಸೇರಿದರೆ 25 ಸಾವಿರ ದಾಟುತ್ತದೆ. ಡಾಲರ್ ಲೆಕ್ಕದಲ್ಲಿ ಕಾರ್ಡು ಏರಿದ್ದು ಒಂದೂವರೆ ಪಟ್ಟಿಗಿಂತ ತುಸು ಹೆಚ್ಚು, ಉಳಿದದ್ದನ್ನು ಏರಿಸಿದ್ದು ರೂಪಾಯಿ. ಹತ್ತು ಸಾವಿರದ ಕಪಾಟು ಖಾಲಿಯಾಗಲು ಇಷ್ಟು ಸಾಕಾಯಿತು. ಅದಕ್ಕಿಂತ ದೊಡ್ಡ ಏಟೆಂದರೆ 5050 ಬೇಡುವುದು 130 ವಾಟ್, ಜೊತೆಗೆ ಎಂಟು ಪಿನ್ನಿನ ವೈರ್. ಆ ಸರಣಿಯ ಡೆಸ್ಕ್‌ಟಾಪ್ ಕಾರ್ಡುಗಳಲ್ಲಿ 75 ವಾಟ್‌ನ ಮೆಟ್ಟಿಲೇ ಇಲ್ಲ. 2024ರ ಫೆಬ್ರುವರಿಯಲ್ಲಿ ಬಂದ, 70 ವಾಟ್‌ನ ಆರ್‌ಟಿಎಕ್ಸ್ 3050 6 ಜಿಬಿಯೇ ಈ ವಂಶದ ಕೊನೆಯ ಕುಡಿ.

ಕಾರ್ಡೇ ಬೇಡವೆನ್ನುವ ದಾರಿಯೂ ಇತ್ತು. 2021ರ ರೈಜೆನ್ 5 5600ಜಿಯಂಥ ಪ್ರೊಸೆಸರ್‌ಗೆ ಎರಡು ರ್‍ಯಾಮ್ ಪಟ್ಟಿ ಹಾಕಿದರೆ ವ್ಯಾಲರಂಟ್ ಸಲೀಸು. ಕಾಲೇಜು ಹುಡುಗರಿಗೆ ನಾವು ಹೆಚ್ಚಾಗಿ ಹೇಳುತ್ತಿದ್ದದ್ದು ಇದನ್ನೇ. 2025ರ ಕೊನೆಗೆ ಅದಕ್ಕೂ ಕಲ್ಲು ಬಿತ್ತು. ಎಐ ಸರ್ವರ್‌ಗಳ ಹಸಿವಿಗೆ ಮೆಮೊರಿ ಚಿಪ್ಪು ಸಾಲದೆ ರ್‍ಯಾಮ್ ಬೆಲೆ ಹಾರಿತು. ಮೈಕ್ರಾನ್ ಕಂಪನಿ ಡಿಸೆಂಬರ್‌ನಲ್ಲಿ ತನ್ನ ಕ್ರೂಶಲ್ ಹೆಸರಿನ ಗ್ರಾಹಕ ವ್ಯಾಪಾರವನ್ನೇ ಮುಚ್ಚುವುದಾಗಿ ಸಾರಿತು.

ಹಾಗಾಗಿ ಈಗ ಕಾರ್ಡು ಕೇಳಿಕೊಂಡು ಬರುವವರಿಗೆ ಅಂಗಡಿಯಲ್ಲಿ ಮೊದಲ ಪ್ರಶ್ನೆ ಬಜೆಟ್ಟಿನದಲ್ಲ, ಡಬ್ಬಿ ಯಾವುದು ಎಂಬುದು. ಕಂಪನಿ ಡಬ್ಬಿಯಾದರೆ 3050 6 ಜಿಬಿ ಸಿಗುವಷ್ಟು ದಿನ ಅದೇ. ಸಣ್ಣ ಕ್ಯಾಬಿನೆಟ್ಟಾದರೆ ಅದರ ಲೋ ಪ್ರೊಫೈಲ್ ರೂಪ. 1050 ಟಿಐ ಇರುವವರು ತೆಗೆದುಹಾಕುವ ಅವಸರ ಮಾಡಬೇಕಿಲ್ಲ. ಡ್ರೈವರ್ ನಿಂತಿತೆಂದು ಜಿಟಿಎ 5 ನಿಲ್ಲುವುದಿಲ್ಲ. ಅಸೆಂಬಲ್ ಸಿಸ್ಟಮ್ ಇದ್ದವರು ಈ ವರ್ಷ ಒಳ್ಳೆಯ ಎಸ್‌ಎಂಪಿಎಸ್ ಒಂದನ್ನೇ ಹಾಕಿಸಲಿ. ಕಾರ್ಡಿನ ಮಾತು ಮುಂದಿನ ದೀಪಾವಳಿಗೆ.