ಸಿಸ್ಟರ್ ಯಾಕ ಸಿಟ್ಟಾಗ್ತಾರ?

ದೌಲತಾಬಾದ್ ಕಡೆಯಿಂದ ಅಜ್ಜನನ್ನೋ ಅಜ್ಜಿಯನ್ನೋ ಕರಕೊಂಡು ತಾಂಡೂರಿನ ಸರಕಾರಿ ದವಾಖಾನೆಗೆ ಹೋಗಿ ಬಂದವರು ನಿಮ್ಮಲ್ಲಿ ಬಹಳ ಜನ ಇರಬೇಕು. ಯಾವ ದವಾಖಾನೆಗೇ ಹೋಗಿರಲಿ, ವಾಪಸ್ ಬಂದ ಮೇಲೆ ಊರಾಗ ಹೇಳೋದು ಒಂದೇ ಮಾತು: "ಡಾಕ್ಟರ್ ಛಲೋ ಇದ್ರು, ಸಿಸ್ಟರ್ ಮಾತ್ರ ಬಾಳ ಬಯ್ದ್ರು." ಅವರ ಸ್ವಭಾವನೇ ಅಂಥದ್ದು ಅಂತ ಅಲ್ಲಿಗೆ ಮಾತು ಮುಗೀತದ. ವಿಜ್ಞಾನ ಓದುವ ನೀವು ಅಷ್ಟಕ್ಕೇ ಮುಗಿಸಬಾರದು ಅನ್ನೋದು ನನ್ನ ವಾದ. ಮೊದಲು ಲೆಕ್ಕ ಹಾಕ್ರಿ.

ಭಾರತೀಯ ನರ್ಸಿಂಗ್ ಪರಿಷತ್ತಿನ ಮಾನದಂಡದ ಪ್ರಕಾರ ಸಾಮಾನ್ಯ ಆಸ್ಪತ್ರೆಯ ವಾರ್ಡಿನಲ್ಲಿ 5 ರೋಗಿಗಳಿಗೆ ಒಬ್ಬ ನರ್ಸ್ ಇರಬೇಕು, ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಲ್ಲಾದರೆ 3 ರೋಗಿಗಳಿಗೆ ಒಬ್ಬರು. 8 ಗಂಟೆಯ ಪಾಳಿ ಅಂದ್ರೆ 480 ನಿಮಿಷ. 5 ಜನರಿಗೆ ಹಂಚಿದರೆ ತಲಾ 96 ನಿಮಿಷ. ಅದೇ ಒಬ್ಬ ಸಿಸ್ಟರ್ ಕೈಗೆ 40 ಮಂಚ ಬಂದ್ವು ಅಂತ ಇಟ್ಟುಕೊಳ್ರಿ. ತಲಾ 12 ನಿಮಿಷ! ಅದರಾಗೇ ಸಲಾಯಿನ್ ಬದಲಿಸಬೇಕು, ಬಿ.ಪಿ. ನೋಡಬೇಕು, ಸೂಜಿ ಹಾಕಬೇಕು, ರಿಜಿಸ್ಟರ್ ಬರೀಬೇಕು. ಮಂಚದ ಸುತ್ತ ನಿಂತ ನಾಲ್ಕು ಮಂದಿ ಸಂಬಂಧಿಕರು ಬ್ಯಾರೆ ಬ್ಯಾರೆಯಾಗಿ ಕೇಳೋ ಒಂದೇ ಪ್ರಶ್ನೆಗೆ ನಾಲ್ಕು ಸಲ ಉತ್ತರ ಕೊಡಬೇಕು.

ಆಗ ದೇಹದೊಳಗೆ ಏನು ನಡೀತದ? ಮೂತ್ರಪಿಂಡಗಳ ಮೇಲೆ ಟೋಪಿ ಇಟ್ಟಂಗ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಬಿಡುತ್ತವೆ, ಅದರ ಹಿಂದೆ ಕಾರ್ಟಿಸಾಲ್. ಎದೆಬಡಿತ ಏರುತ್ತದೆ, ರಕ್ತದಲ್ಲಿ ಸಕ್ಕರೆ ಹೆಚ್ಚುತ್ತದೆ. ಹಾವು ಕಂಡಾಗ ಓಡೋದಕ್ಕ ಇದು ಬೇಕೇ ಬೇಕು. ಆದರೆ ಹಾವು ಹೋಗೋದೇ ಇಲ್ಲ ಅಂದ್ರೆ? ದಿನಾ ಹೀಗೇ ಆದರೆ ನಿದ್ದೆ ಕೆಡುತ್ತದೆ, ರಕ್ತದೊತ್ತಡ ಹೆಚ್ಚುತ್ತದೆ, ನೆನಪು ಕೈಕೊಡುತ್ತದೆ. ರಾತ್ರಿಪಾಳಿಯಲ್ಲಿ ಇನ್ನೊಂದು ಕಷ್ಟ. ಕಾರ್ಟಿಸಾಲ್ ಬೆಳಗಿನ ಹೊತ್ತು ಏರಿ ನಡುರಾತ್ರಿ ಇಳಿಯುವಂಥದ್ದು. ದೇಹ ಮಲಗು ಅಂತದ, ಕೆಲಸ ಏಳು ಅಂತದ.

1997ರಲ್ಲಿ ಆಸ್ಟ್ರೇಲಿಯಾದ ಇಬ್ಬರು ಸಂಶೋಧಕರು ಒಂದು ಪ್ರಯೋಗ ಪ್ರಕಟಿಸಿದರು. 17 ಗಂಟೆ ನಿದ್ದೆ ಇಲ್ಲದೆ ಎದ್ದಿದ್ದವರ ಕೈಕಣ್ಣಿನ ಹೊಂದಾಣಿಕೆ, 100 ಮಿ.ಲೀ. ರಕ್ತದಲ್ಲಿ 50 ಮಿ.ಗ್ರಾಂ. ಮದ್ಯಸಾರ ಇದ್ದವರಷ್ಟೇ ಕುಸಿದಿತ್ತು. ನಮ್ಮ ದೇಶದಲ್ಲಿ 30 ಮಿ.ಗ್ರಾಂ. ದಾಟಿದರೆ ಗಾಡಿ ಓಡಿಸೋದು ಅಪರಾಧ. ಅಷ್ಟು ಹೊತ್ತು ಎದ್ದವರ ಕೈಗೆ ಸೂಜಿ, ಔಷಧದ ಅಳತೆ ಕೊಡೋದು ಮಾತ್ರ ನಮಗ ತಪ್ಪು ಅನ್ನಿಸೋದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಈ ಬಳಲಿಕೆಯನ್ನು ವಿವರಿಸುವಾಗ ಅದನ್ನು ರೋಗ ಅನ್ನಲಿಲ್ಲ, ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ ಅಂತ ಕರೆಯಿತು. ಅದರ ಮೂರು ಲಕ್ಷಣಗಳಲ್ಲಿ ಒಂದು, ಮಾಡುವ ಕೆಲಸದಿಂದಲೇ ಮನಸ್ಸು ದೂರ ಸರಿಯುವುದು. ನಾವು 'ಕಲ್ಲು ಮನಸ್ಸು' ಅಂತ ಬಯ್ಯೋದು ಎಷ್ಟೋ ಸಲ ಇದನ್ನೇ. (ಕೆಲಸ ಇಲ್ಲದಾಗಲೂ ಬಯ್ಯುವವರು ಇಲ್ಲ ಅಂತ ನಾನು ಹೇಳೋದಿಲ್ಲ. ಅಂಥವರು ಎಲ್ಲಾ ಇಲಾಖೆಯಾಗೂ ಅದಾರ.)

ಹಾಗಾದರೆ ಏನು ಮಾಡಬೇಕು? ವರ್ಷಕ್ಕೊಮ್ಮೆ ಯೋಗ ಶಿಬಿರ ಮಾಡಿ ಕೈತೊಳೆದುಕೊಳ್ಳೋದು ನನಗೆ ಒಪ್ಪಿಗೆ ಇಲ್ಲ. ಯೋಗದಿಂದ ಉಸಿರು ಹತೋಟಿಗೆ ಬರಬಹುದು, 40 ಮಂಚ 5 ಆಗೋದಿಲ್ಲ. 2020ರ ಜೂನ್‌ನಲ್ಲಿ ಹೈದರಾಬಾದಿನ ಗಾಂಧಿ ಆಸ್ಪತ್ರೆಯಲ್ಲಿ ಕೋವಿಡ್ ರೋಗಿಯೊಬ್ಬರು ತೀರಿಕೊಂಡಾಗ ಸಂಬಂಧಿಕರು ಕಿರಿಯ ವೈದ್ಯರೊಬ್ಬರ ಮೇಲೆ ಹಲ್ಲೆ ಮಾಡಿದರು. ಕಿರಿಯ ವೈದ್ಯರೆಲ್ಲ ರಸ್ತೆಗೆ ಬಂದು ಕೂತರು. ಅವರು ಕೇಳಿದ್ದು ಬರೀ ಪೊಲೀಸ್ ಕಾವಲಲ್ಲ. ಕೋವಿಡ್ ರೋಗಿಗಳನ್ನ ಒಂದೇ ಕಡೆ ತುಂಬಬೇಡಿ, ಬೇರೆ ಆಸ್ಪತ್ರೆಗಳಲ್ಲೂ ಚಿಕಿತ್ಸೆ ಕೊಡಿ ಅಂತಲೂ ಕೇಳಿದರು. ರೋಗ ಎಲ್ಲಿದೆ ಅಂತ ಅವರಿಗೆ ಗೊತ್ತಿತ್ತು. ಖಾಲಿ ಹುದ್ದೆ ತುಂಬುವುದು, ಪಾಳಿ ಮುಗಿದವರನ್ನ ಮನೆಗೆ ಕಳಿಸುವುದು, ಕುಡಿಯುವ ನೀರು, ಕೂರಲು ಒಂದು ಕೋಣೆ: ಇವು ಔಷಧ. ಮನಸ್ಸು ತೀರಾ ಕುಗ್ಗಿದವರಿಗೆ 14416 ಎಂಬ ಟೆಲಿ ಮಾನಸ್ ಸಂಖ್ಯೆ 2022ರಿಂದ ಇದೆ, ಅದು ಸಿಬ್ಬಂದಿಗೂ ಹೌದು, ನಿಮಗೂ ಹೌದು.

ಹುದ್ದೆ ತುಂಬುವುದು ನಿಮ್ಮ ಕೈಯಲ್ಲಿಲ್ಲ. ಆದರೆ ಗಡಿಭಾಗದ ಮಕ್ಕಳಾದ ನಿಮಗೆ ಒಂದು ಶಕ್ತಿ ಅದ. ಅಜ್ಜಿ "ಎದಿ ಉರೀತದ, ಹೊಟ್ಟಿ ಕಡೀತದ" ಅಂತ ಕನ್ನಡದಾಗ ಹೇಳ್ತಾಳ, ಸಿಸ್ಟರ್‌ಗೆ ತೆಲುಗು ಬರ್ತದ, ನಿಮಗೆ ಎರಡೂ ಬರ್ತಾವ. ಹೋಗೋ ಮುಂಚೆ ಒಂದು ಚೀಟಿ ಬರಕೊಳ್ರಿ: ಜ್ವರ ಯಾವಾಗಿಂದ, ಯಾವ ಗುಳಿಗೆ ನುಂಗ್ಯಾಳ, ಸಕ್ಕರೆ ಕಾಯಿಲೆ ಅದನೋ ಇಲ್ಲೋ, ಯಾವ ಔಷಧ ಒಗ್ಗೋದಿಲ್ಲ. ಮಂಚದ ಹತ್ತಿರ ಒಬ್ಬರೇ ನಿಂತು, ಆ ಚೀಟಿ ನೋಡಿ ತೆಲುಗಿನಲ್ಲಿ ಹೇಳ್ರಿ.