ಮುಚ್ಚಳ ಬಿಚ್ಚೋಕಾಗದ ಡಬ್ಬಿ ನಮ್ಮದಲ್ಲ

"ಮೊಬೈಲ್ ಇರುವಾಗ ಇದೆಲ್ಲ ಯಾಕೆ ಬೇಕಿತ್ತು?" ಕೈಯಲ್ಲಿ ಹಿಡಿಯೋ ಪುಟ್ಟ ಕಂಪ್ಯೂಟರ್ ಒಂದನ್ನ ಮನೆಯಲ್ಲೇ ಮಾಡ್ಕೊಂಡೆ ಅಂದಾಗ ಎಲ್ಲರೂ ಕೇಳಿದ್ದು ಇದೇ. ಉತ್ತರ ಸ್ವಲ್ಪ ಖಾರವಾಗೇ ಇದೆ, ಬೇಜಾರು ಮಾಡ್ಕೋಬೇಡಿ.

ಮೊದಲು ಅದೇನು ಅಂತ ಹೇಳ್ತೀನಿ. ರಾಸ್‌ಬೆರಿ ಪೈ ಪಿಕೋ ಅನ್ನೋ ಬೆರಳುದ್ದದ ಬೋರ್ಡ್ 2021ರಲ್ಲಿ ಬಂತು. ಆಗ ಅದರ ಬೆಲೆ 4 ಡಾಲರ್, ಮೆಮೊರಿ 264 ಕೆಬಿ. 1969ರಲ್ಲಿ ಮನುಷ್ಯನನ್ನು ಚಂದ್ರನ ಮೇಲೆ ಇಳಿಸಿದ ಅಪೊಲೊ ನೌಕೆಯ ಕಂಪ್ಯೂಟರಿಗೆ ಬರೆದು ಅಳಿಸೋಕೆ ಇದ್ದ ಜಾಗ ಸುಮಾರು 4 ಕೆಬಿ ಅಷ್ಟೆ. ನಮ್ಮ ತೋಟದ ತೇವ ನೋಡೋಕೆ ಇದು ಸಾಲದಾ?

ಅದಕ್ಕೆ 0.96 ಇಂಚಿನ ಪರದೆ, ನಾಲ್ಕು ಬಟನ್, ಟಾರ್ಚಿಗೆ ಹಾಕೋ 18650 ಸೆಲ್, ಚಾರ್ಜಿಂಗ್ ಬೋರ್ಡ್, ಮಣ್ಣಿಗೆ ಚುಚ್ಚೋ ಸೆನ್ಸರ್ ಸೇರಿಸಿದೆ. ಒಟ್ಟು ಸಾವಿರದ ಆಸುಪಾಸು ಬಿತ್ತು. ಪ್ರೋಗ್ರಾಂ ಬರೆಯೋದು ಮೈಕ್ರೋಪೈಥಾನ್‌ನಲ್ಲಿ. ನಾನು ಓದಿರೋದು ಎಸ್ಸೆಸ್ಸೆಲ್ಸಿ. ಇಪ್ಪತ್ತು ಮೂವತ್ತು ಇಂಗ್ಲಿಷ್ ಪದ ಗೊತ್ತಿದ್ರೆ ಶುರು ಮಾಡ್ಬಹುದು. ಸಿಮ್ ಇಲ್ಲ, ನೆಟ್ ಬೇಡ. ಯಾವ ಸಾಲು ಅಂತ ಬಟನ್ ಒತ್ತಿದ್ರೆ ತೇವದ ಲೆಕ್ಕ ಅದರೊಳಗೇ ಉಳಿಯುತ್ತೆ.

ಈಗ ಜಗಳದ ಮಾತಿಗೆ ಬರೋಣ. ನಮ್ಮ ಅಪ್ಪಂದಿರು ಕುಳ ಸವೆದ್ರೆ ಕುಲುಮೆಗೆ ಹೋಗಿ ಎದುರಿಗೇ ಕೂತು ತಟ್ಟಿಸ್ಕೊಂಡು ಬರ್ತಿದ್ರು. ಕೂರಿಗೆ, ಕುಂಟೆ ಯಾವ್ದೂ ಮುಚ್ಚಿಟ್ಟ ಗುಟ್ಟಾಗಿರ್ಲಿಲ್ಲ. ನಾವು? ನಮ್ಮ ಕಡೆ ಒಬ್ರು ತೋಟಕ್ಕೆ ಕಂಪನಿ ಡಬ್ಬಿ ಹಾಕಿಸಿದ್ರು. ವರ್ಷದ ಚಂದಾ ನಿಲ್ಲಿಸಿದ ದಿನವೇ ಅದರ ಬಾಯಿ ಬಂದ್. ಹಳೇ ಲೆಕ್ಕವೂ ಸಿಗಲಿಲ್ಲ. ಮಣ್ಣು ಇವರದ್ದು, ನೀರು ಇವರದ್ದು, ಕರೆಂಟು ಇವರದ್ದು, ಲೆಕ್ಕ ಮಾತ್ರ ಇನ್ಯಾರದ್ದೋ!

"ಕಂಪನಿದು ಕರಾರುವಾಕ್ಕು, ನಿಂದು ಆಟಿಕೆ" ಅಂತೀರಾ? ಕೆಂಪು ಮಣ್ಣಿಗೂ ಎರೆ ಮಣ್ಣಿಗೂ ಸೆನ್ಸರ್ ಒಂದೇ ನಂಬರ್ ಕೊಡಲ್ಲ, ಕಂಪನಿದಾದ್ರೂ ಅಷ್ಟೆ. ನಿಮ್ಮದೇ ಹೊಲದ ಮಣ್ಣನ್ನ ಒಣಗಿಸಿ ಒಂದು ಸಲ, ಚೆನ್ನಾಗಿ ನೆನೆಸಿ ಒಂದು ಸಲ ಅಳೆದು ಎರಡೂ ನಂಬರ್ ಗುರುತು ಹಾಕ್ಕೋಬೇಕು. ಆ ಕೆಲಸ ನಮ್ಮಷ್ಟು ಚೆನ್ನಾಗಿ ಯಾರು ಮಾಡ್ತಾರೆ? ಹಾಂ, ಬರಿ ಲೋಹದ ಎರಡು ಕಾಲಿನ ಸೆನ್ಸರ್ ತಗೋಬೇಡಿ, ಮಣ್ಣಲ್ಲಿ ಬೇಗ ಸವೆಯುತ್ತೆ. ಕೆಪಾಸಿಟಿವ್ ಅಂತ ಕೇಳಿ. ಅದರಲ್ಲಿ ಒಣಗಿದಷ್ಟೂ ನಂಬರ್ ಜಾಸ್ತಿ. ಸೆಲ್‌ನ ಪ್ಲಸ್ಸು ಮೈನಸ್ಸು ಒಂದಕ್ಕೊಂದು ತಾಗಿದ್ರೆ ಬೆಂಕಿ ಹತ್ತಬಹುದು, ಅದೊಂದು ಹುಷಾರು.

ಎಲ್ಲರೂ ಬೆಸುಗೆ ಹಾಕ್ತಾ ಕೂರಿ ಅಂತ ನಾನು ಹೇಳ್ತಿಲ್ಲ. ಊರಿಗೊಬ್ಬ ಕಲಿತ್ರೆ ಸಾಕು, ಮೊದಲು ಊರಿಗೊಂದು ಕುಲುಮೆ ಇದ್ದ ಹಾಗೆ. ಕೃಷಿ ವಿಜ್ಞಾನ ಕೇಂದ್ರದ ತರಬೇತಿಗೆ ಹೋದಾಗ ಇದನ್ನೂ ಕಲಿಸಿ ಅಂತ ಬಾಯಿಬಿಟ್ಟು ಕೇಳೋಣ.

ಇನ್ಮೇಲೆ ಯಾರಾದ್ರೂ ಸ್ಮಾರ್ಟ್ ಡಬ್ಬಿ ಮಾರೋಕೆ ಬಂದ್ರೆ ಮೂರು ಮಾತು ಕೇಳಿ. ಮುಚ್ಚಳ ಬಿಚ್ಚಿ ನಾವೇ ರಿಪೇರಿ ಮಾಡ್ಕೋಬಹುದಾ? ನೆಟ್ ಇಲ್ದೆ ನಡೆಯುತ್ತಾ? ಚಂದಾ ನಿಂತ್ರೂ ಲೆಕ್ಕ ನಮ್ಮ ಕೈಯಲ್ಲೇ ಇರುತ್ತಾ? ಮೂರಕ್ಕೂ ಹೌದು ಅನ್ನೋವರೆಗೂ ದುಡ್ಡು ಬಿಚ್ಚಬೇಡಿ.